ವೈರಸ್ಸು ಹೊಕ್ಕ ಕಂಪ್ಯೂಟರೂ ಪಲ್ಲವಿಯ ಕನ್ನಡವೂ

ಪುಕ್ಕಟೆ ಸಿಕ್ಕಿದ್ದನ್ನು ಬೇಡವೆನ್ನುವ ಗುಣ ನನಗೆ ಹುಟ್ಟಿನಿಂದಲೇ ಬಂದಿಲ್ಲ. ಅಂಗಡಿಯವರು ಕೊಡುವ ಕ್ಯಾಲೆಂಡರುಗಳೇ ಮನೆಯಲ್ಲಿ ಏಳು ನೇತಾಡುತ್ತಿವೆ. ಹೀಗಿರುವಾಗ 'ಮಕ್ಕಳಿಗೆ ಮೂವತ್ತು ದಿನದಲ್ಲಿ ಕನ್ನಡ, ಸಂಪೂರ್ಣ ಉಚಿತ' ಎಂಬ ತಂತ್ರಾಂಶ ಇಂಟರ್ನೆಟ್ಟಿನಲ್ಲಿ ಕಣ್ಣಿಗೆ ಬಿದ್ದರೆ ಬಿಡುತ್ತೇನೆಯೇ? ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡೆ. ಕಾರಣವೂ ಇತ್ತು. ಅಹಮದಾಬಾದಿನ ಮಣಿನಗರದಲ್ಲೇ ಹುಟ್ಟಿ ಬೆಳೆದ ನನ್ನ ಹದಿನಾಲ್ಕರ ಮಗಳು ಪಲ್ಲವಿ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಗುಜರಾತಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಾಳೆ. ಅದಕ್ಕಾಗಿ ಅವಳ ಶಾಲೆ, ಟೀವಿ, ಪಕ್ಕದ ಮನೆ ಎಲ್ಲವನ್ನೂ ಬೈದು ಮುಗಿಸಿದ್ದೆ.

ತಂತ್ರಾಂಶ 'ಅ' ಕಲಿಸುವಷ್ಟರಲ್ಲೇ ಗ್ರಹಚಾರ ಕೆಟ್ಟಿತು. ಪರದೆಯ ತುಂಬ ಜೂಜಿನ ಜಾಹೀರಾತು. ನಡುವೆ 'ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ತೆಗೆಯಲು ಇಲ್ಲಿ ಒತ್ತಿ' ಎಂಬ ಕೆಂಪು ಫಲಕ. ಎಂಥ ಉಪಕಾರಿಗಳಪ್ಪಾ ಎಂದು ಒತ್ತಿಯೇ ಬಿಟ್ಟೆ. ಆಮೇಲೆ ಮೌಸು ಕೂಡ ನನ್ನ ಮಾತು ಕೇಳಲಿಲ್ಲ. ಸಂಶೋಧನಾ ಸಂಸ್ಥೆಯೊಂದರಲ್ಲಿ ಸೂಕ್ಷ್ಮ ಉಪಕರಣಗಳ ದೋಷ ಹುಡುಕುವುದೇ ನನ್ನ ಉದ್ಯೋಗ ಎಂಬುದನ್ನು ಇಲ್ಲಿ ಹೇಳದಿದ್ದರೇ ವಾಸಿಯಿತ್ತು.

ಸ್ಟೇಷನ್ ರಸ್ತೆಯ ರಿಪೇರಿ ಅಂಗಡಿಯ ಜಿಗ್ನೇಶಭಾಯಿ ಮನೆಗೇ ಬಂದು, ಅರ್ಧ ಲೋಟ ಚಹಾ ಕುಡಿದು, "ಅಂಕಲ್, ಫಾರ್ಮ್ಯಾಟ್ ಕರವು ಪಡ್‌ಶೆ. ಬಧು ಜಶೆ" ಎಂದ. ಒಳಗಿರುವುದೆಲ್ಲ ಹೋಗುತ್ತದೆ ಎಂದರ್ಥ.

ಸದ್ಯಕ್ಕೆ ಬೇಡವೆಂದು ಅವನನ್ನು ಕಳಿಸಿದೆ. ನನ್ನ ಎದೆ ಒಡೆದಿತ್ತು. ಪಲ್ಲವಿಗೆ ಮೂರು ವರ್ಷವಿದ್ದಾಗ ಅವಳು ಅರಳು ಹುರಿದಂತೆ ಕನ್ನಡ ಮಾತಾಡಿದ ವಿಡಿಯೊಗಳು ಇದ್ದದ್ದು ಅದೊಂದರಲ್ಲೇ. ತೆಗೆದ ಫೋನು ಎಂದೋ ಸತ್ತಿತ್ತು. "ಇನ್ನೊಂದು ಕಾಪಿ ಮಾಡಿಟ್ಕೊಳ್ರೀ" ಎಂದು ಹೆಂಡತಿ ಸುಮಾ ವರ್ಷಗಟ್ಟಲೆ ಹೇಳಿದಳು. ನಾಳೆ ಮಾಡುತ್ತೇನೆಂದು ನಾನೂ ವರ್ಷಗಟ್ಟಲೆ ಹೇಳಿದೆ. ಹಾಗಂತ ಅವನ್ನು ಮತ್ತೆ ಹಾಕಿ ನೋಡಿದ್ದೆನೇ? ಒಂದನ್ನೂ ಇಲ್ಲ. ಇದೆಯಲ್ಲ ಎಂಬ ಧೈರ್ಯ. ಈಗ ಆ ಪುಟ್ಟ ಧ್ವನಿ ಇನ್ನೆಂದೂ ಸಿಗದು ಅನ್ನಿಸಿ ಮೂರು ದಿನ ಅನ್ನ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಪಲ್ಲವಿಯೇ "ಪಪ್ಪಾ, ಆಘಾ ಖಸೋ" ಎಂದು ನನ್ನನ್ನು ಕುರ್ಚಿಯಿಂದ ಅತ್ತ ಸರಿಸಿ ಕೂತಳು. ಇಂಟರ್ನೆಟ್ ತಂತಿ ಕಿತ್ತಳು, ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿದಳು, ಗುರುತಿಲ್ಲದ ಪ್ರೋಗ್ರಾಮುಗಳನ್ನು ಒಂದೊಂದಾಗಿ ಹೊರಗಟ್ಟಿದಳು. ನಡುವೆ ತಲೆಯೆತ್ತಿ, "ಹೂ ಡೌನ್‌ಲೋಡೆಡ್ ದಿಸ್? ಇಟ್ ಸೇಸ್ ಲರ್ನ್ ಕನ್ನಡ" ಎಂದಳು. ನಾನು ಕಿಟಕಿಯಾಚೆ ನೋಡಿದೆ.

ಮಧ್ಯಾಹ್ನದ ಹೊತ್ತಿಗೆ ವಿಡಿಯೊಗಳು ಸಿಕ್ಕವು. ಮೊದಲನೆಯದನ್ನು ಹಾಕಿದಳು. "ಅಪ್ಪಾ, ನಂಗೆ ನೀರು ಬೇಕು. ಆ ಗುಬ್ಬಿಗೂ ಬಾಯಾರಿದೆ, ಅದಕ್ಕೂ ಕೊಡು" ಎಂದಿತು ಮೂರು ವರ್ಷದ ಪಲ್ಲವಿ. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಕ್ಯಾಮೆರಾದ ಹಿಂದಿನಿಂದ ಗಂಡಸಿನ ಧ್ವನಿಯೊಂದು ಗದರಿತು: "ನೋ ನೋ! ಸ್ಕೂಲ್ ಇಂಟರ್‌ವ್ಯೂ ಇದೆಯಲ್ಲ ಪುಟ್ಟಿ? ಸೇ, ಐ ವಾಂಟ್ ವಾಟರ್."

ಎರಡನೆಯದರಲ್ಲೂ ಅದೇ ಧ್ವನಿ. ಮೂರನೆಯದರಲ್ಲೂ. ಸುಮಾ ಅಡುಗೆಮನೆಗೆ ಎದ್ದುಹೋದಳು.

ಪಲ್ಲವಿ ನನ್ನತ್ತ ತಿರುಗಿ, ಖಾಲಿ ಬಾಟಲಿ ಮುಂದೆ ಚಾಚಿ, "ಪಪ್ಪಾ, ಐ ವಾಂಟ್ ವಾಟರ್" ಎಂದು ನಕ್ಕಳು.

ಎದ್ದು ಹೋಗಿ ತುಂಬಿಸಿಕೊಂಡು ಬಂದೆ. ಇನ್ನು ಬೈಯೋಣವೆಂದರೆ ಶಾಲೆ, ಟೀವಿ, ಪಕ್ಕದ ಮನೆ ಯಾವುದೂ ಉಳಿದಿರಲಿಲ್ಲ.