ದೊಡ್ಡಮ್ಮನ ಗಿರಣಿಯ ವಿಮರ್ಶಕರು

ನಮ್ಮ ದೊಡ್ಡಮ್ಮನ ಗಿರಣಿಗೆ ರಾಗಿ ಬೀಸಿಸಲು ಹೋದವರು ಯಾರೂ ಬರೀ ಹಿಟ್ಟು ಹೊತ್ತುಕೊಂಡು ವಾಪಸ್ ಬಂದದ್ದಿಲ್ಲ. ಹೋಗುವಾಗ ನಿಮ್ಮ ನಮ್ಮ ಹಾಗೆ ಇದ್ದವರು ಬರುವಾಗ ಸಾಹಿತ್ಯ ವಿಮರ್ಶಕರಾಗಿರುತ್ತಾರೆ! ನಂಬಿಕೆ ಇಲ್ಲದಿದ್ದರೆ ಎರಡು ಸೇರು ರಾಗಿ ಹಿಡಿದು ಪುರವರಕ್ಕೆ ಹೋಗಿ, ಅವಳ ಗಿರಣಿಯ ಮುಂದೆ ಒಂದು ಗಳಿಗೆ ನಿಂತು ನೋಡಿ. ನಾನು ಕಳಿಸಿದೆ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಹೇಳಿದಿರೋ, ನಿಮ್ಮ ಕೈಗೆ ಬೀಳುವ ಕಂತೆ ಇನ್ನೂ ದಪ್ಪಗಿರುತ್ತದೆ.

ಕಂತೆ ಯಾವುದು ಅಂತೀರಾ? ಅದು ನನ್ನದೇ ಪಾಪದ ಫಲ. ನಾನು ಕೊರಟಗೆರೆಯ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹಗಲೆಲ್ಲ ಮಕ್ಕಳಿಗೆ ಗುರುತ್ವಾಕರ್ಷಣೆ ಹೇಳಿಕೊಟ್ಟು, ಸಂಜೆ ಮನೆಗೆ ಬಂದು ಅದೆಲ್ಲ ಸುಳ್ಳು ಅನ್ನುವ ಹಾಗೆ ಕಥೆ ಬರೆಯುವವಳು. ಬಸ್ಸಿನ ಕಿಟಕಿಯಿಂದ ಮಧುಗಿರಿಯ ಬೆಟ್ಟವನ್ನು ನೋಡಿ ನೋಡಿ, ಇದೇನಾದರೂ ಒಂದು ದಿನ ಎದ್ದು ನಡೆದುಬಿಟ್ಟರೆ ಅನ್ನಿಸಿತು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ! ನಡೆಯುವ ಬೆಟ್ಟ, ಮಾತಾಡುವ ಹದ್ದು, ಬೆಟ್ಟದ ಬೆನ್ನು ಹತ್ತಿ ಕುದುರೆ ಏರಿ ಹೊರಟ ರಾಜಕುಮಾರ, ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ನದಿ ದಾಟಿಸುವ ಹರಿಗೋಲಿನ ಹೆಂಗಸು. ಹೀಗೆ ಮೂರು ಭಾಗದ ಸಾಹಸದ ಕಾದಂಬರಿ. ಎರಡು ಭಾಗ ಅಚ್ಚಾದವು. ಮೂರನೆಯದಕ್ಕೆ ಕೈಹಾಕುವ ಹೊತ್ತಿಗೆ ಪ್ರಕಾಶಕರ ಫೋನು ಬಂತು.

"ಮೇಡಂ, ಓದುಗರ ಅಭಿಪ್ರಾಯ ಅಂತ ಒಂದೂ ಬರ್ತಾ ಇಲ್ಲ. ಮೂರನೇದು ಸದ್ಯಕ್ಕೆ ಬೇಡ. ನೋಡೋಣ."

ಪ್ರಕಾಶಕರ ಬಾಯಲ್ಲಿ 'ನೋಡೋಣ' ಅಂದರೆ ಏನರ್ಥ ಅಂತ ಬರೆದು ಕೈಸುಟ್ಟುಕೊಂಡವರಿಗೆಲ್ಲ ಗೊತ್ತು. ನನಗೆ ದುಃಖ ತಡೆಯಲಿಲ್ಲ, ಹೋಗಿ ದೊಡ್ಡಮ್ಮನ ಮುಂದೆ ಹೇಳಿಕೊಂಡೆ.

ಅವಳು ನನ್ನ ಅಮ್ಮನ ಅಕ್ಕ. ನಾನು ನಾಲ್ಕು ವರ್ಷದವಳಿದ್ದಾಗ ಅಮ್ಮ ತೀರಿಕೊಂಡಳು, ಆಮೇಲೆ ನನ್ನನ್ನು ಸಾಕಿದವಳು ಇವಳೇ. ದೊಡ್ಡಪ್ಪ ಹಾಕಿಸಿದ್ದ ಗಿರಣಿಯನ್ನು ಈಗ ಒಬ್ಬಳೇ ನಡೆಸುತ್ತಾಳೆ. ಹುಬ್ಬು, ರೆಪ್ಪೆ, ಕಿವಿಯ ಓಲೆ ಎಲ್ಲವೂ ಹಿಟ್ಟುಮಯ. ಹಬ್ಬದ ದಿನ ಎಣ್ಣೆನೀರು ಹಾಕಿಕೊಂಡು ಹೊರಗೆ ಬಂದರೆ ಯಾರೋ ನೆಂಟರು ಬಂದರು ಅಂದುಕೊಳ್ಳುತ್ತೇವೆ! ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಅವಳು ಗುಟ್ಟು ಹೇಳಿದರೂ ಬಸ್ ಸ್ಟ್ಯಾಂಡಿಗೆ ಕೇಳಿಸುತ್ತದೆ.

"ಅಭಿಪ್ರಾಯ ತಾನೆ? ಎಷ್ಟು ಬೇಕು ಹೇಳು" ಅಂದಳು. ಎಷ್ಟು ಸೇರು ಅಂತ ಕೇಳುವಾಗಿನ ಅದೇ ಧಾಟಿ.

ಮುಂದಿನ ವಾರ ಹೋಗಿ ನೋಡುತ್ತೇನೆ, ನಾನು ಪ್ರೀತಿಯಿಂದ ಸಹಿ ಹಾಕಿ ಕೊಟ್ಟಿದ್ದ ಎರಡೂ ಪುಸ್ತಕಗಳನ್ನು ಬೆನ್ನು ಮುರಿದು, ಅಧ್ಯಾಯಕ್ಕೊಂದರಂತೆ ಕಂತೆ ಮಾಡಿ, ಮೂಟೆ ಹೊಲಿಯುವ ದಬ್ಬಣದಲ್ಲಿ ಸೆಣಬಿನ ದಾರ ಪೋಣಿಸಿ ಹೊಲಿಯುತ್ತಾ ಕೂತಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

"ಅಯ್ಯೋ ದೊಡ್ಡಮ್ಮ, ಏನು ಮಾಡಿಬಿಟ್ಟೆ!"

"ಲೇ, ಒಂದ್ ಮೂಟೆ ಹೊರಕ್ಕಾಗ್ದಿದ್ರೆ ಏನ್ ಮಾಡ್ತೀವಿ? ನಾಕು ಗಂಟು ಮಾಡ್ಕಂತೀವಿ. ಇಷ್ಟು ದಪ್ಪದ್ದು ಒಟ್ಗೆ ಕೊಟ್ರೆ ಯಾವೋಳು ಮುಟ್ತಾಳೆ? ಇರೋದು ಒಂದೊಂದೇ ಪುಸ್ತಕ, ಬರೋರು ಊರೆಲ್ಲ. ಸುಮ್ಕೆ ಕುತ್ಕ, ಟೀ ಕಾಸ್ತೀನಿ."

ಗಿರಣಿಗೆ ಹೊಸ ಕಾನೂನು ಬಂತು. ಹಿಟ್ಟು ತೆಗೆದುಕೊಂಡು ಹೋಗುವವರು ಒಂದು ಕಂತೆಯನ್ನೂ ಒಯ್ಯಬೇಕು. ಮುಂದಿನ ಸಲ ಬಂದಾಗ ಕಂತೆ ಕೊಟ್ಟು ಅಭಿಪ್ರಾಯ ಹೇಳಬೇಕು. ಓದದೆ ಬಂದವರಿಗೆ ಶಿಕ್ಷೆ ಏನು ಗೊತ್ತೇ? ಹಿಟ್ಟಿನ ಗಿರಣಿಯ ಕಷ್ಟ ಬಲ್ಲವರಿಗೆ ಗೊತ್ತಿರುತ್ತದೆ. ದೊಡ್ಡಮ್ಮನಲ್ಲಿ ಮಂಗಳವಾರ ಒಣಮೆಣಸಿನಕಾಯಿ ಬೀಸುವ ದಿನ. ಬುಧವಾರ ಬೆಳಿಗ್ಗೆ ಮೊದಲು ತನ್ನದೇ ಒಂದು ಬೊಗಸೆ ನುಚ್ಚು ಹಾಕಿ ಕಲ್ಲಿನ ಖಾರ ತೆಗೆದು, ಆಮೇಲೆ ಬೇರೆಯವರ ರಾಗಿ ಸುರಿಯುತ್ತಾಳೆ. ಕಂತೆ ಓದದವರು ಬಂದರೆ ಮಾತ್ರ ಆ ನುಚ್ಚು ಅವಳಿಗೆ ಮರೆತುಹೋಗುತ್ತದೆ! ಹಾಗೆ ಶಿಕ್ಷೆಯಾದ ಒಬ್ಬರ ಮನೆಯಲ್ಲಿ ಅವತ್ತು ಮುದ್ದೆಗೆ ಸಾರೇ ಬೇಕಾಗಲಿಲ್ಲವಂತೆ. ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರಂತೆ.

'ಚೆನ್ನಾಗೈತೆ' ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟರೆ ದೊಡ್ಡಮ್ಮ ಒಪ್ಪುವವಳಲ್ಲ. "ಏನ್ ಚೆನ್ನಾಗೈತೆ? ಎಲ್ ಚೆನ್ನಾಗೈತೆ? ಹದ್ದು ಏನಂತು, ಹೇಳು ನೋಡವ!" ಅಂತ ಪೊಲೀಸರ ಹಾಗೆ ವಿಚಾರಿಸಿ, ಹೇಳಿದ್ದನ್ನು ಹೇಳಿದ ಹಾಗೇ ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು, ನನಗೆ ಕಳಿಸುವ ಹಿಟ್ಟಿನ ಚೀಲದೊಳಗಿಟ್ಟು ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟುಬಿಡುತ್ತಿದ್ದಳು. ನಾನು ಕೊರಟಗೆರೆಯಲ್ಲಿ ಕೂತು ಹಿಟ್ಟು ಜರಡಿ ಹಿಡಿದರೆ ಮೇಲೆ ವಿಮರ್ಶೆ ಉಳಿಯುತ್ತಿತ್ತು!

ಎಂಥೆಂಥ ವಿಮರ್ಶೆಗಳು ಅಂತೀರಿ! ಹುಲಿಕುಂಟೆ ಕಡೆಯಿಂದ ಕುರಿ ಹೊಡೆದುಕೊಂಡು ಬಂದು ಪುರವರದ ಹೊಲದಲ್ಲಿ ಮಂದೆ ಬಿಟ್ಟಿದ್ದ ಒಬ್ಬರು ಕುರಿಗಳ ಹಿಂದೆ ನಡೆಯುತ್ತಲೇ ಮೊದಲ ಕಂತೆ ಓದಿದರಂತೆ. ಅವರ ಅಭಿಪ್ರಾಯ: "ಬೆಟ್ಟ ಎದ್ದು ನಡೀತು ಅಂತ ಬರ್ದವ್ರೆ, ಸರಿ. ಅದ್ರ ಮ್ಯಾಲೆ ಮೇಯ್ತಿದ್ದ ಕುರಿ ಯಾರ್ಗೆ ಸೇರ್ತವೆ? ಕುರಿಯೋನ್ಗಾ, ಬೆಟ್ಟ ಹೋಗಿ ನಿಂತ ಊರೋರ್ಗಾ? ಇದ್ನ ಟೀಚರಮ್ಮ ತೀರ್ಮಾನ ಮಾಡ್ಬೇಕು." ಈ ಕಾನೂನಿನ ತೊಡಕು ನನಗೆ ಹೊಳೆದೇ ಇರಲಿಲ್ಲ ನೋಡಿ.

ಶಿರಾದಿಂದ ಮೊಪೆಡ್ ಮೇಲೆ ಪ್ಲಾಸ್ಟಿಕ್ ಬಿಂದಿಗೆ ಮಾರಿಕೊಂಡು ಬರುವ ಸಾಹೇಬರೊಬ್ಬರು ಬಿಸಿಲಿಗೆ ಗಿರಣಿಯ ನೆರಳಲ್ಲಿ ನಿಲ್ಲುತ್ತಾರೆ. ನೆರಳಿಗೂ ಕಂತೆ ತಪ್ಪಿದ್ದಲ್ಲ! ಅವರ ತಂದೆ ಹಿಂದೆ ಜಟಕಾ ಹೊಡೆಯುತ್ತಿದ್ದವರು. ಸಾಹೇಬರು ಕಂತೆ ಹಿಂದೆ ಕೊಡುವಾಗ ಕಣ್ಣು ಕೆಂಪಗೆ ಮಾಡಿಕೊಂಡಿದ್ದರಂತೆ. "ಘೋಡಾ ಮೂರು ದಿನ ಓಡ್ತದೆ. ಮೇವಿಲ್ಲ, ಪಾನಿ ಇಲ್ಲ. ಮೇಲೆ ಕುಂತ ರಾಜಕುಮಾರಂಗೆ ಮಾತ್ರ ಎರಡು ಹೊತ್ತು ರೊಟ್ಟಿ. ಇದ್ರಲ್ಲಿ ಇನ್ಸಾಫ್ ಐತಾ ಅಮ್ಮಾ? ಮೂರನೇ ಭಾಗದಲ್ಲಿ ಮೊದ್ಲು ಅದಕ್ಕೆ ಹುರುಳಿ ಹಾಕ್ಬೇಕು, ಆಮೇಲೆ ಯುದ್ಧ ಗಿದ್ಧ." ನಾನು ಆ ಹಾಳೆ ಓದಿ ನಾಚಿಕೆಯಿಂದ ತಲೆ ತಗ್ಗಿಸಿದೆ.

ಬರದ ಸೀಮೆ ಪಾವಗಡದಿಂದ ಮಗಳ ಮನೆಗೆ ಬಂದಿದ್ದ, ತೆಲುಗು ಬೆರೆಸಿ ಮಾತಾಡುವ ಬೀಗಿತ್ತಿಯೊಬ್ಬರದಂತೂ ಕಟು ವಿಮರ್ಶೆ. "ಕಥ ಬಾಗುಂದಿ ಕಣಮ್ಮ. ಬೆಟ್ಟ ನಡೀತಂತೆ, ಸರೇ, ನಡೀಲಿ. ಹದ್ದು ಮಾತಾಡ್ತಂತೆ, ಸರೇ, ಮಾತಾಡ್ಲಿ. ಆದ್ರೆ ನದೀಲಿ ವರ್ಷಪೂರ್ತಿ ನೀಳ್ಳು ಹರೀತೈತೆ ಅಂತ ಬರ್ದಿದಾರಲ್ಲ, ಅಷ್ಟೊಂದು ಸುಳ್ಳು ಹೇಳ್ಬಾರ್ದಮ್ಮಾ!"

ಪುಸ್ತಕ ಹರಿದು ಹಂಚಿದ್ದರಿಂದ ಇನ್ನೊಂದು ತಮಾಷೆಯಾಯಿತು. ಒಬ್ಬೊಬ್ಬರ ಕೈಗೆ ಒಂದೊಂದು ಕಂತೆ ಸಿಕ್ಕಿ, ಕಥೆ ಊರ ತುಂಬ ಹಿಂದುಮುಂದಾಗಿ ಓಡಾಡತೊಡಗಿತು. ಒಂದು ದಿನ ಗಿರಣಿಯ ಮುಂದೆ ಇಬ್ಬರು ಹೆಂಗಸರಿಗೆ ಜೋರು ಜಗಳ.

"ಆ ರಾಜಕುಮಾರ ಸತ್ತೋದ ಕಣಮ್ಮ, ನಾನೇ ಓದಿವ್ನಿ!"

"ಸಾಯೋದೆಂಗೆ? ನನ್ ಕಂತೇಲಿ ಮರದ್ ಕೆಳಗೆ ಕುಂತು ರೊಟ್ಟಿ ತಿಂತಾವ್ನೆ!"

ದೊಡ್ಡಮ್ಮ ಬೆಲ್ಟು ನಿಲ್ಲಿಸಿ ತೀರ್ಪು ಕೊಟ್ಟಳು. "ಇಬ್ರೂ ನಾಳೆ ಅರ್ಧರ್ಧ ಸೇರು ರಾಗಿ ತನ್ನಿ, ಮಧ್ಯದ ಕಂತೆ ಕೊಡ್ತೀನಿ." ಅಂದಿನಿಂದ ವಾರಕ್ಕೊಮ್ಮೆ ಬರುತ್ತಿದ್ದವರು ಅರ್ಧ ಸೇರು, ಪಾವು ಸೇರು ಹಿಡಿದು ದಿನಾ ಬರತೊಡಗಿದರು. ಪಾಪ, ಚಪಾತಿ ತಿನ್ನುವ ಮನೆಯವರೂ ಕಥೆಯ ಸಲುವಾಗಿ ಮುದ್ದೆಗೆ ತಿರುಗಿದರು!

ಇಷ್ಟೆಲ್ಲ ಆದ ಮೇಲೆ ನಾನು ಕುಣಿದು ಕುಪ್ಪಳಿಸಿ ಮೂರನೆಯ ಭಾಗ ಬರೆಯಬೇಕಾಗಿತ್ತು ಅಲ್ಲವೇ? ಬರೆಯಲಿಲ್ಲ. ಕಾರಣವಿದೆ. ಬರುಬರುತ್ತಾ ಎಲ್ಲ ಹಾಳೆಗಳ ಕೊನೆಯಲ್ಲೂ ಒಂದೇ ಪ್ರಶ್ನೆ ಇರತೊಡಗಿತು: ಹರಿಗೋಲಿನ ಹೆಂಗಸು ದಡ ಸೇರಿದಳಾ? ಕುರಿಯವರದೂ ಅದೇ, ಸಾಹೇಬರದೂ ಅದೇ. ಬೀಗಿತ್ತಿಯಂತೂ ಪಾವಗಡಕ್ಕೆ ವಾಪಸ್ ಹೋದ ಮೇಲೂ ಮಗಳಿಗೆ ಫೋನು ಮಾಡಿ ಕೇಳಿಸಿದ್ದರು. ಅಲ್ಲ ಸ್ವಾಮಿ, ಎರಡನೆಯ ಭಾಗದ ಕೊನೆಯ ಅಧ್ಯಾಯದಲ್ಲಿ ಅವಳು ಸುಳಿಗೆ ಸಿಕ್ಕಿ ಮುಳುಗಿಹೋಗುತ್ತಾಳೆ! ಮಕ್ಕಳನ್ನು ದಡಕ್ಕೆ ತಳ್ಳಿ ತಾನು ಹರಿಗೋಲಿನ ಸಮೇತ ಹೋಗುತ್ತಾಳೆ. ಅದನ್ನು ಬರೆಯುವಾಗ ನಾನು ಎರಡು ದಿನ ಊಟ ಬಿಟ್ಟಿದ್ದೆ. ಮತ್ತೂ ಕೇಳುತ್ತಾರೆ ಅಂದರೆ ಏನರ್ಥ? ಕೊನೆಯ ತನಕ ಒಬ್ಬರೂ ಓದಿಲ್ಲ. ಖಾರದ ಮುದ್ದೆಗೆ ಹೆದರಿ ನಾಲ್ಕು ಹಾಳೆ ತಿರುವಿ, ದೊಡ್ಡಮ್ಮನನ್ನು ಯಾಮಾರಿಸಿದ್ದಾರೆ ಅಷ್ಟೆ.

ನನಗೆ ನಿಜವಾಗಿ ನೋವಾಯಿತು. ಪ್ರಕಾಶಕರು ಹೇಳಿದಾಗಲೂ ಅಷ್ಟು ನೋವಾಗಿರಲಿಲ್ಲ. ಮೂರನೆಯ ಭಾಗದ ಟಿಪ್ಪಣಿಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿ, ಒಂದು ಭಾನುವಾರ ಬಸ್ಸು ಹತ್ತಿ ಪುರವರಕ್ಕೆ ಹೋದೆ.

ಗಿರಣಿಯಲ್ಲಿ ಕರೆಂಟು ಹೋಗಿತ್ತು. ಜನ ಡಬ್ಬಿಗಳನ್ನು ಸಾಲಾಗಿಟ್ಟು ಮನೆಗೆ ಹೋಗಿದ್ದರು. ದೊಡ್ಡಮ್ಮ ಒಬ್ಬಳೇ ರಾಗಿ ಮೂಟೆಗೆ ಒರಗಿ ಕೂತಿದ್ದಳು.

"ದೊಡ್ಡಮ್ಮ, ಸಾಕು, ಇದನ್ನೆಲ್ಲ ನಿಲ್ಲಿಸಿಬಿಡು. ಯಾರೂ ಪೂರ್ತಿ ಓದಿಲ್ಲ. ಓದಿದ್ದರೆ ಅವಳು ಮುಳುಗಿದ್ದು ಗೊತ್ತಾಗ್ತಿರಲಿಲ್ಲವಾ? ನಾನು ಮೂರನೇ ಭಾಗ ಬರೆಯಲ್ಲ" ಅಂದೆ.

ದೊಡ್ಡಮ್ಮ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು, ತಕ್ಕಡಿಯ ಹಿಂದಿದ್ದ ತಗಡಿನ ಪೆಟ್ಟಿಗೆ ತೆಗೆದು, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ್ದ ಒಂದು ಕಂತೆಯನ್ನು ನನ್ನ ಮಡಿಲಲ್ಲಿಟ್ಟಳು. ಎರಡನೆಯ ಭಾಗದ ಕೊನೆಯ ಅಧ್ಯಾಯ. ಅದರ ಮೇಲೆ ಹಿಟ್ಟಿನ ಒಂದು ಕಣವೂ ಇರಲಿಲ್ಲ.

"ಜನಾನ ಬೈಬ್ಯಾಡ ಕಣೇ. ಕೊಟ್ಟಿದ್ರೆ ತಾನೆ ಓದೋರು?" ಅಂದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

"ಯಾಕೆ ಕೊಡಲಿಲ್ಲ?"

"ಆಯಮ್ಮ ಹರಿಗೋಲು ಬಿಡಕ್ ಮುಂಚೆ ಮಕ್ಕಳ ತಲೆ ಮುಟ್ಟಿ ಮುಟ್ಟಿ ಎರಡು ಸಲ ಎಣಿಸ್ತಾಳಲ್ಲ, ನಿಮ್ಮವ್ವ ಅಂಗೇ ಎಣಿಸ್ತಿದ್ಲು. ಬಸ್ ಹತ್ತಿದ್ ಮ್ಯಾಲೆ ಒಂದ್ಸಲ, ಬಸ್ ಹೊಂಟ್ ಮ್ಯಾಲೆ ಒಂದ್ಸಲ. ಇದ್ದೋಳು ನೀನೊಬ್ಳೇ. ಆದ್ರೂ ತಲೆ ಮುಟ್ಟಿ ಎಣಿಸ್ತಿದ್ಲು. ಕಂಡಕ್ಟ್ರು ಎಷ್ಟು ನಗೋನು!"

ನನಗೆ ಇದು ಗೊತ್ತಿರಲಿಲ್ಲ. ದೇವರಾಣೆಗೂ ಗೊತ್ತಿರಲಿಲ್ಲ. ಆ ಹೆಂಗಸನ್ನು ನಾನೇ ಕಲ್ಪಿಸಿದ್ದು ಅಂದುಕೊಂಡಿದ್ದೆ. ಅಮ್ಮನ ಮುಖ ಕೂಡ ನನಗೆ ಸರಿಯಾಗಿ ನೆನಪಿಲ್ಲ. ತಲೆಯ ಮೇಲೆ ಇಟ್ಟ ಅವಳ ಕೈ ಮಾತ್ರ ಎಲ್ಲೋ ಉಳಿದುಕೊಂಡು, ನನ್ನನ್ನು ಕೇಳದೆಯೇ ಕಥೆಯೊಳಗೆ ಬಂದುಬಿಟ್ಟಿತ್ತು.

"ಆವತ್ತು ಆಸ್ಪತ್ರೇಲಿ ಅವ್ಳ ಪಕ್ಕ ಕುಂತೇ ಇದ್ದೆ. ನನ್ ಕೈಲಿ ಏನೂ ಆಗ್ಲಿಲ್ಲ" ಅಂದಳು ದೊಡ್ಡಮ್ಮ. "ಈ ಸಲ ಹಾಳೆ ನನ್ ಕೈಲಿತ್ತು. ಎತ್ತಿಟ್ಕಂಡೆ. ಊರೋರ ಪಾಲಿಗೆ ಅವ್ಳಿನ್ನೂ ಹರಿಗೋಲಲ್ಲೇ ಅವ್ಳೆ. ಅಷ್ಟು ದೊಡ್ಡ ಬೆಟ್ಟ ನಡೆಸ್ತೀಯಲ್ಲೇ, ಒಬ್ಳು ಹೆಂಗಸನ್ನ ದಡ ಮುಟ್ಸಕ್ಕೆ ನಿನ್ ಕೈಲಾಗಲ್ವಾ?"

ನಾನು ಅಳುತ್ತಲೇ ಪೆನ್ನು ತೆಗೆದೆ. ಪ್ರಕಾಶಕರು ಅಚ್ಚು ಹಾಕಲಿ ಬಿಡಲಿ, ಇಷ್ಟು ಜನ ಕಾಯುತ್ತಿರುವಾಗ ನಾನು ಬರೆಯಲೇಬೇಕು ಅನ್ನಿಸಿತು. ಆ ಕಂತೆಯ ಕೊನೆಯ ಹಾಳೆಯ ಹಿಂಬದಿ ಖಾಲಿಯಿತ್ತು. ಮೂಟೆಯ ಮೇಲೆ ಕೂತು ಮೂರನೆಯ ಭಾಗದ ಮೊದಲ ಸಾಲು ಅಲ್ಲೇ ಬರೆದೆ: 'ನೀರಿನಿಂದ ಎದ್ದು ಬಂದ ಹರಿಗೋಲಿನವಳು ದಡಕ್ಕೆ ಕಾಲಿಟ್ಟವಳೇ ಮಕ್ಕಳ ತಲೆ ಮುಟ್ಟಿ ಎಣಿಸಿದಳು.'

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ಓದಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಎರಡು ಸಲ ಅಂತ ಬರಿ" ಅಂದಳು.