ಮಾವ ನನ್ನ ಕಾರಿಗೆ ಬೊಟ್ಟಿಟ್ಟದ್ದು

ಹೊಸ ಕಾರಿಗೆ ಕುಂಕುಮ ಇಡುವವರನ್ನು ನೀವು ನೋಡಿರುತ್ತೀರಿ. ಹೆಂಡತಿಯ ಪ್ಯಾಕೆಟ್ಟಿನಿಂದ ಹರಳಿನ ಬೊಟ್ಟು ಕದ್ದು ಕಾರಿನ ಪರದೆಗೆ ಅಂಟಿಸುವವರನ್ನು? ನನ್ನ ಸೋದರಮಾವ ಅಂಟಿಸಿದರು. ಒಂದಲ್ಲ, ಐದು!

ಮಾವ ಮೂವತ್ತು ವರ್ಷ ಮುಳಬಾಗಿಲು–ಶ್ರೀನಿವಾಸಪುರದ ನಡುವೆ ಖಾಸಗಿ ಬಸ್ಸು ಓಡಿಸಿದವರು. ಮುಂದಿನ ತಿಂಗಳು ಅವರ ಲೈಸೆನ್ಸ್ ಮುಗಿಯುವುದಿತ್ತು. ಕಣ್ಣು ತೋರಿಸಿ ಸರ್ಟಿಫಿಕೇಟ್ ತಂದರೆ ಮಾತ್ರ ಹೊಸದು. ಆದರೆ ಒಂದು ದಿನ ಮಂಗಳವಾರ, ಒಂದು ದಿನ ರಾಹುಕಾಲ, ಇನ್ನೊಂದು ದಿನ ಡಾಕ್ಟರ ಮುಖವೇ ಸರಿಯಿಲ್ಲ! "ಲೈಸೆನ್ಸ್ ಹೋದ್ರೆ ನಾನು ಯಾರಮ್ಮಾ?" ಎನ್ನುತ್ತಲೇ ನನ್ನ ಎಲೆಕ್ಟ್ರಿಕ್ ಕಾರು ಹತ್ತಿ ಸ್ಟಿಯರಿಂಗ್ ಹಿಡಿದು ಕೂರುತ್ತಿದ್ದರು.

ಅದರಲ್ಲಿ ಬಟನ್ನುಗಳಿಲ್ಲ. ಗಾಳಿ, ದೀಪ, ಡಿಕ್ಕಿ ಎಲ್ಲವೂ ಪರದೆಯ ನುಣುಪಾದ ಗಾಜಿನೊಳಗೆ. ಮಾಡಿದವರಿಗೆ ಮನುಷ್ಯರ ಬೆರಳಿನ ಮೇಲೆ ಯಾವ ಜನ್ಮದ ಸೇಡೋ! ಬಾಯಲ್ಲಿ ಹೇಳಿದರೂ ಕೇಳುತ್ತದಂತೆ. ಮಾವ ಹೇಳಿದರು:

"ಲೇ ಅಮ್ಮಾಯಿ, ಗಾಳಿ ಕೊಂಚೆಂ ಜಾಸ್ತಿ ಬಿಡು."

ಅದು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿತು. ಪಾಪ, ಅದಕ್ಕೆ ಜಗತ್ತಿನ ಭಾಷೆಗಳೆಲ್ಲ ಬರುತ್ತವೆ, ತೆಲುಗು ಬೆರೆತ ಮುಳಬಾಗಿಲಿನದು ಬರುವುದಿಲ್ಲ.

"ಇದಕ್ಕಿಂತ ನಮ್ಮ ಕಂಡಕ್ಟರೇ ವಾಸಿ. ಎರಡು ಸಲ ತಗಡು ಬಡಿದ್ರೆ ಬಸ್ಸು ಹೊರಡ್ತಿತ್ತು!" ಎಂದು ಸಿಡುಕಿದ ಮಾವ ಮರುದಿನ ಬೊಟ್ಟು ತಂದರು. ಗಾಳಿಗೆ ದೊಡ್ಡದು, ದೀಪಕ್ಕೆ ಸಣ್ಣದು. ನಾನು ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದೆ. ಎಲ್ಲರೂ ನಕ್ಕರು.

ಮಾವಿನ ಕಾಲದಲ್ಲಿ ಒಂದು ಭಾನುವಾರ ಗೌನಿಪಲ್ಲಿಯಿಂದ ಎರಡು ಕ್ರೇಟ್ ಬಾದಾಮಿ ಹಣ್ಣು ತರುತ್ತಿದ್ದೆವು. ಹಿಂದಿನ ದಿನವಷ್ಟೇ ಕಾರು ತಾನಾಗಿಯೇ ಅಪ್‌ಡೇಟ್ ಆಗಿ, ಪರದೆಯ ಚಿತ್ರಗಳೆಲ್ಲ ಜಾಗ ಬದಲಿಸಿದ್ದವು. ಬೊಟ್ಟುಗಳು ಮಾತ್ರ ನಿಯತ್ತಾಗಿ ಹಳೆಯ ಜಾಗದಲ್ಲೇ ಇದ್ದವು. ಶ್ರೀನಿವಾಸಪುರದ ಮಂಡಿಯ ಮುಂದಿನ ಏರಿನಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಾಗ ಮಾವ ಗಾಳಿಗೆಂದು ದೊಡ್ಡ ಬೊಟ್ಟು ಒತ್ತಿದರು. ಡಿಕ್ಕಿ ತೆರೆಯಿತು. ಹಣ್ಣೆಲ್ಲ ರಸ್ತೆಗೆ!

"ಕ್ಯಾ ಮಾಮು, ಹರಾಜು ಇವತ್ತು ರೋಡಲ್ಲೇನಾ?" ಎಂದರು ಮಂಡಿಯ ಸಾಹೇಬರು. ಸುತ್ತಲಿನವರು ನಕ್ಕರು.

ನನಗೆ ಅವಮಾನವಾಯಿತು. "ಪರದೆ ಮೇಲೆ ಬರೆದೇ ಇದೆಯಲ್ಲ ಮಾವಾ, ಓದೋಕಾಗಲ್ವಾ?" ಎಂದು ಎಲ್ಲರೆದುರು ಗದರಿದೆ.

ಮಾವ ಇಳಿದು ಹಣ್ಣು ಆಯತೊಡಗಿದರು. ಕುಕ್ಕರುಗಾಲಲ್ಲಿ ಕೂತು ಅಂಗೈಯಿಂದ ಟಾರು ಸವರುತ್ತಿದ್ದರು. ಅವರ ಪಾದದ ಬಳಿಯೇ, ಅಚ್ಚ ಹಳದಿಯ ಒಂದು ಹಣ್ಣು ಬಿದ್ದಿತ್ತು. ಕೈ ಅದನ್ನು ಬಿಟ್ಟು ಮುಂದೆ ಹೋಯಿತು. ಮತ್ತೆ ಹಿಂದೆ ಬಂತು. ಸಿಗಲಿಲ್ಲ.

ನಾನು ಪಕ್ಕದಲ್ಲಿ ಕುಳಿತೆ.

"ಎರಡು ವರ್ಷ ಆಯ್ತಮ್ಮಾ, ಎಲ್ಲಾ ಮಸುಕು," ಎಂದರು ತಲೆ ಎತ್ತದೆ. "ಗುಟ್ಟಾಗಿ ಹೋಗಿ ತೋರಿಸ್ದೆ. ಇನ್ನು ಸರಿಹೋಗಲ್ಲ ಅಂದ್ರು ಡಾಕ್ಟರು. ನಿಮ್ಮತ್ತೆಗೆ ಹೇಳ್ಬೇಡ."

ಇಂಥ ಕಣ್ಣಿಟ್ಟುಕೊಂಡು ಗೌನಿಪಲ್ಲಿಯಿಂದ ಓಡಿಸಿದ್ದರು! ಸಿಟ್ಟು ಬರಬೇಕಿತ್ತು. ಬಂದದ್ದು ನೆಂಟರಿಗೆ ಕಳಿಸಿದ ಫೋಟೊದ ನೆನಪು.

"ನಾನು ಓಡಿಸ್ತೀನಿ, ಮಾವ."

ಅವರು ಬಾನೆಟ್ಟನ್ನು ಸವರುತ್ತ ಸುತ್ತಿ ಬಂದು, ಹುಟ್ಟಿದಾಗಿನಿಂದ ಮೊದಲ ಸಲವೆಂಬಂತೆ ಎಡಗಡೆ ಕೂತರು. ಮುಳಬಾಗಿಲ ದಾರಿಯಲ್ಲಿ ಅರ್ಧ ದೂರ ಬಂದೆವು. ಆಮೇಲೆ:

"ಮುಂದೆ ಹುಣಸೇಮರ ಬರ್ತದೆ. ಅಲ್ಲೊಂದು ಕೆಟ್ಟ ತಿರುವು. ಮೆತ್ತಗೆ."

ರಸ್ತೆ ಅಗಲ ಮಾಡಿದ ವರ್ಷವೇ ಆ ಮರ ಹೋಗಿತ್ತು, ತಿರುವೂ ಹೋಗಿತ್ತು. ಎದುರಿಗೆ ನೆಟ್ಟಗೆ ಬೋಳು ರಸ್ತೆ. ನಾನು ವೇಗ ಇಳಿಸಿದೆ. ಹಿಂದಿನ ಲಾರಿಯವನು ಹಾರ್ನ್ ಬಡಿದ.

"ಬಂತಾ?" ಎಂದರು ಮಾವ.

"ಬಂತು ಮಾವ," ಎಂದು ಸ್ಟಿಯರಿಂಗನ್ನು ತುಸು ಎಡಕ್ಕೆ ತಿರುಗಿಸಿದೆ.