ಗಿಳಿ ಕೂರಬೇಕಾದಲ್ಲಿ ಕೂತ ಬೂದು ಗೋಲ

ಕಣ್ಣು ಮಿಟುಕಿಸುವುದರೊಳಗೆ ಜಗತ್ತನ್ನೇ ಹುಡುಕಿ ಕೊಡುವ ಯಂತ್ರ ಮಹಾಶಯರ ಸನ್ನಿಧಾನಕ್ಕೆ, ಸಿಂಧನೂರಿನ ಅಕ್ಕಿ ಅಂಗಡಿ ಅಮರಗುಂಡಪ್ಪನ ನಮಸ್ಕಾರಗಳು.

ಮಾನ್ಯರೇ, ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಬದುಕಿದ್ದೇನೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ.

ನಾನು ಆರನೇ ಕ್ಲಾಸು ಅರ್ಧಕ್ಕೆ ಬಿಟ್ಟವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ನಮ್ಮ ಕಡೆ ಅಕ್ಕಿ ಚೀಲವನ್ನು ಹೆಸರು ಓದಿ ಒಯ್ಯುವವರು ಕಡಿಮೆ, ಮಾರ್ಕು ನೋಡಿ ಒಯ್ಯುತ್ತಾರೆ. ನಮ್ಮಪ್ಪನ ಕಾಲದಿಂದ ನಮ್ಮದು ಹಸಿರು ಗಿಳಿ. ತುರ್ವಿಹಾಳದಿಂದ ಹಟ್ಟಿಯವರೆಗೆ ಹೆಣ್ಣುಮಕ್ಕಳು "ಗಿಳಿ ಕಳಸ್ರಿ" ಎಂದರೆ ಅಕ್ಕಿ ಹೋಗಬೇಕು. ಆ ಮಾರ್ಕು ಬದಲಾಯಿತೆಂದರೆ ಎರಡೇ ಅರ್ಥ: ಅಂಗಡಿ ಮಾರಿದ್ದಾರೆ, ಇಲ್ಲವೇ ಮಾಲಕ ಹೋಗಿದ್ದಾನೆ.

ಹೋದ ವರ್ಷ ಕಂಪ್ಯೂಟರ್ ಅಂಗಡಿಯ ವಿರೇಶ ನನಗೊಂದು ವೆಬ್‌ಸೈಟ್ ಮಾಡಿಕೊಟ್ಟ. ತಮ್ಮಲ್ಲಿ ಹುಡುಕಿದರೆ ಎಲ್ಲ ಅಂಗಡಿಗಳ ಹೆಸರಿನ ಮುಂದೆ ಅವರವರ ಪುಟ್ಟ ಚಿತ್ರ ಬರುತ್ತದೆ. ಒಬ್ಬರಿಗೆ ಗುಲಾಬಿ, ಒಬ್ಬರಿಗೆ ಟ್ರ್ಯಾಕ್ಟರ್. ನನ್ನ ಹೆಸರಿನ ಮುಂದೆ ಮಾತ್ರ ಗೆರೆ ಎಳೆದ ಬೂದು ಬಣ್ಣದ ಭೂಮಿಯ ಗೋಲ. ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ, ಫೋನು ಬಂದ್ ಮಾಡಿ ಚಾಲೂ ಮಾಡಿದೆ, ಮಸ್ಕಿಗೆ ಹೋಗಿ ಬೀಗರ ಫೋನಿನಲ್ಲೂ ನೋಡಿ ಬಂದೆ. ಅಲ್ಲೂ ಗೋಲವೇ.

ಹಟ್ಟಿಯ ಕಸ್ತೂರೆಮ್ಮನವರು ಚಿನ್ನದ ಗಣಿ ಕಂಪನಿ ಕ್ವಾರ್ಟರ್ಸಿನ ಇಪ್ಪತ್ತು ಮನೆಗೆ ತಾವೇ ಹೇಳಿ ನಮ್ಮ ಅಕ್ಕಿ ತರಿಸುವವರು. ಗೋಲ ನೋಡಿದವರೇ ಅಂಗಡಿಗೆ ಫೋನ್ ಮಾಡಿ, "ಅಮರಗುಂಡಪ್ಪ ಯಾವಾಗ ಹೋದ್ರೀ? ಚಲೋ ಮನಷ್ಯಾ ಇದ್ದ, ತೂಕದಾಗ ಒಂಚೂರು ಕೈ ಬಿಗಿ" ಎಂದರು. ನಾನೇ ರೀ ಎಂದೆ. "ಮಗನ ದನಿ ಥೇಟ್ ಅಪ್ಪಂದ ಐತಿ" ಎಂದು ಅತ್ತು ಫೋನಿಟ್ಟರು. ಈ ತಿಂಗಳು ಹಟ್ಟಿಗೆ ಒಂದು ಚೀಲವೂ ಹೋಗಿಲ್ಲ. ಆ ಇಪ್ಪತ್ತು ಮನೆ ಹೋದವೆಂದರೆ ನನ್ನ ಅಂಗಡಿಯ ಅರ್ಧ ಬಾಗಿಲು ಮುಚ್ಚಿದಂತೆ.

ತಮ್ಮ ಔದಾರ್ಯ ದೊಡ್ಡದು. ಒಬ್ಬ ಅಕ್ಕಿ ವ್ಯಾಪಾರಿಗೆ ಇಡೀ ಭೂಮಂಡಲವನ್ನೇ ಕೊಟ್ಟಿದ್ದೀರಿ. ಆದರೆ ನನಗೆ ಹಟ್ಟಿ, ಮಸ್ಕಿ, ತುರ್ವಿಹಾಳ ಸಾಕಿತ್ತು. ಗೋಲ ಕೀಳುವುದು ತ್ರಾಸವಾದರೆ ಅದರ ಮೇಲೆಯೇ ಗಿಳಿಯನ್ನು ಕೂರಿಸಿ, ಅದರ ಕಾಲಿಗೆ ಎಷ್ಟು ಜಾಗ ಬೇಕು? ಅದೂ ಆಗದಿದ್ದರೆ ಪಕ್ಕದಲ್ಲಿ "ಮಾಲಕ ಬದುಕಿದ್ದಾನೆ" ಎಂದಾದರೂ ಸಣ್ಣದಾಗಿ ಬರೆಯಿರಿ.

ಇನ್ನೊಂದನ್ನು ಮುಚ್ಚಿಟ್ಟರೆ ನನಗೆ ಊಟ ಸೇರುವುದಿಲ್ಲ. ಹಿಂದೊಮ್ಮೆ ಲಿಂಗಸುಗೂರಿನ ವ್ಯಾಪಾರಿಯೊಬ್ಬರು ತಮ್ಮ ಚೀಲದ ಮೇಲೆ ನಮ್ಮಂಥದೇ ಗಿಳಿ ಹೊಡೆಸಿದ್ದರು. ಆ ಅಂಜಿಕೆಗೆ, ನಮ್ಮ ಗಿಳಿಯ ಚಿತ್ರವನ್ನು ಹೊರಗಿನವರು ಯಾರೂ ಮುಟ್ಟದಂತೆ ಬೀಗ ಹಾಕೆಂದು ನಾನೇ ವಿರೇಶನಿಗೆ ಹೇಳಿದ್ದೆ. ತಾವೂ ಹೊರಗಿನವರೇ ಎಂಬುದು ನನಗೆ ಹೊಳೆಯಲಿಲ್ಲ. ಸೋಮವಾರ ಬೀಗ ತೆಗೆಸಿದ್ದೇನೆ. ಬಂದು ಒಯ್ಯಲು ತಮಗೆ ಕೆಲವು ದಿನ, ಇಲ್ಲವೇ ಕೆಲವು ವಾರ ಬೇಕಂತೆ. ದೊಡ್ಡವರು, ಬಿಡುವು ಮಾಡಿಕೊಂಡು ಬನ್ನಿ. ಬಾಗಿಲು ತೆರೆದಿಟ್ಟು ಕಾಯುತ್ತೇನೆ.

ಬದುಕಿದ್ದೂ ಯಾರೂ ನಂಬದ,
ತಮ್ಮ ವಿಶ್ವಾಸಿ,
ಅಮರಗುಂಡಪ್ಪ
ಗಿಳಿ ಮಾರ್ಕ್ ಅಕ್ಕಿ ಅಂಗಡಿ, ಸಿಂಧನೂರು

ತಾ.ಕ.: ಕಳಿಸಲೋ ಬೇಡವೋ ಎಂದು ಈ ಪತ್ರ ಹದಿನೈದು ದಿನ ಗಲ್ಲಾಪೆಟ್ಟಿಗೆಯ ಮೇಲೇ ಇತ್ತು. ಅಷ್ಟರಲ್ಲಿ ಲಿಂಗಸುಗೂರಿನವರು ತೆರೆದ ಬಾಗಿಲಿನಿಂದ ಗಿಳಿಯನ್ನು ಒಯ್ದು ತಮ್ಮ ವೆಬ್‌ಸೈಟಿಗೆ ಹಾಕಿಕೊಂಡರು, ತಾವೂ ಅದನ್ನು ಅವರ ಹೆಸರಿನ ಮುಂದೆ ಹಸಿರಾಗಿ ಕೂರಿಸಿಬಿಟ್ಟಿರಿ. ನನ್ನ ಗೋಲ ಅಲ್ಲೇ ಇದೆ. ನಿನ್ನೆ ಕಸ್ತೂರೆಮ್ಮನವರು ಫೋನ್ ಮಾಡಿ, "ಬದುಕೀರಂತಲ್ರೀ, ಲಿಂಗಸುಗೂರಾಗ ಅಂಗಡಿ ಇಟ್ಟೀರಂತ! ಇಪ್ಪತ್ತೂ ಮನಿಗೆ ಅಲ್ಲಿಂದ ತರಿಸೀವಿ" ಎಂದು ಸಂತೋಷಪಟ್ಟರು. ನನ್ನನ್ನು ಬದುಕಿಸಿದ್ದಕ್ಕೆ ತಮಗೆ ಉಪಕಾರ. ಅಕ್ಕಿ ಹೆಂಗೈತ್ರೀ ಎಂದು ಕೇಳದೆ ಇರಲಾಗಲಿಲ್ಲ. "ಅಕ್ಕಿ ಅದ ಐತ್ರೀ, ತೂಕ ಮಾತ್ರ ಈಗ ಸರಿ ಆಗೈತಿ" ಎಂದರು.